ಹದಿನೇಳನೆಯ ಸಾಲು

ಒಹಾಯೋ ನದಿಯ ಈಚೆ ದಡದ ನಮ್ಮ ಕೌಂಟಿಯಲ್ಲಿ
ಬಂದೂಕಿನ ಪರವಾನಗಿಗೆ ಇನ್ನು ಮುನ್ನೂರು ಡಾಲರು
ಎಂದರು ರಾಜಧಾನಿಯಲ್ಲಿ ಕೂತವರು.
ಬೇಡವೆಂದು ಸಹಿ ಕೂಡಿಸಲು ಹೊರಟೆ. ಮಂಡಿನೋವು ಬೇರೆ.
ಮೊದಲ ಹನ್ನೊಂದು ಮನೆ ಸಲೀಸು:
ನನ್ನದೇ ಚರ್ಚು, ನನ್ನದೇ ಟೋಪಿ, ನನ್ನದೇ ಬೈಗುಳ.
ಕದ ತಟ್ಟುವ ಮೊದಲೇ ಪೆನ್ನು ಹಿಡಿದು ಬಂದರು.

ಹನ್ನೆರಡನೆಯದು ಒಡೆಸ್ಸಾ ಟಿಲರಿಯ ಮನೆ.
ಅವಳ ಅಂಗಳದಲ್ಲಿ ಆ ಪಕ್ಷದ ಫಲಕ,
ನನ್ನ ಟ್ರಕ್ಕಿನ ಬೆನ್ನಿಗೆ ಈ ಪಕ್ಷದ ಸ್ಟಿಕ್ಕರು.
ಅವೆರಡೂ ಒಂದನ್ನೊಂದು ದುರುಗುಟ್ಟಿ ನೋಡಿದವು,
ನಾವಿಬ್ಬರು ನೆಲ ನೋಡಿದೆವು.
ರಾತ್ರಿಪಾಳಿ ಮುಗಿಸಿ ಬಂದ ನರ್ಸು,
"ಯಾವುದಕ್ಕೆ?" ಅಂದಳು. ಹೇಳಿದೆ.
"ಒಳಗೆ ಬಾ. ಟೋಪಿ ಹೊರಗಿರಲಿ."

ಅಡುಗೆಮನೆಯ ಗೋಡೆಗೊಂದು ಜೋಡಿನಳಿಗೆ,
ಬೆವರು ಕುಡಿದು ಕಪ್ಪಾದ ಹಿಡಿ.
"ನಮ್ಮಜ್ಜನದು. ಮತದಾರರ ಪಟ್ಟಿಗೆ ಹೆಸರು ಬರೆಸಿದ ವಾರ
ಮೂರು ಕಾರು ದೀಪ ಆರಿಸಿಕೊಂಡು ಬಂದವಂತೆ.
ಇದನ್ನ ತೊಡೆ ಮೇಲೆ ಮಲಗಿಸಿಕೊಂಡು ಜಗಲಿಯಲ್ಲಿ ಕೂತು
ಬೆಳಗಿನ ತನಕ ಬಟಾಣಿ ಸುಲಿದನಂತೆ.
ಒಂದು ಗುಂಡೂ ಹಾರಲಿಲ್ಲ. ಬುಟ್ಟಿ ತುಂಬಿತ್ತು."

ಪೆನ್ನು ತಗೊಂಡಳು. ತಗೊಂಡವಳು ತಡೆದಳು.
"ಮುನ್ನೂರು ಡಾಲರು ಯಾರನ್ನ ಬಾಗಿಲಾಚೆ ನಿಲ್ಲಿಸುತ್ತೆ ಅಂತ
ನಿನ್ನಿಂದ ಕಲೀಬೇಕಿಲ್ಲ ನಾನು.
ಹೋದ ಮಾರ್ಚಲ್ಲಿ ನನ್ನ ತಂಗಿ ಮಗ ಲಾಮಾರ್‌ನ
ಹೆದ್ದಾರಿಯಲ್ಲಿ ತಡೆದರು.
ಪಿಸ್ತೂಲು ಖಾನೆಯಲ್ಲಿದೆ, ಪರವಾನಗಿ ಇದೆ ಸಾರ್ ಅಂದ,
ಅಂದದ್ದೇ ತಪ್ಪಾಯ್ತು.
ಡಾಂಬರಿಗೆ ಕೆನ್ನೆಯೊತ್ತಿ ನಲವತ್ತು ನಿಮಿಷ.
ಆವತ್ತು ನಿಮ್ಮ ಕ್ಲಬ್ಬಿನೋರು
ಯಾವ ಕಾಗದ ಹಿಡಿದು ಓಡಾಡ್ತಿದ್ರಿ?"

ಬಾಯಲ್ಲಿ ಕಾಫಿ ಇತ್ತು. ನುಂಗಲು ಹೊತ್ತಾಯಿತು.
ಹಕ್ಕು ಹಕ್ಕು ಎಂದು ಗಂಟಲು ಹರಿದುಕೊಂಡ ನಾವು
ಆ ಹುಡುಗನ ಹೆಸರು ಒಮ್ಮೆಯೂ ಎತ್ತಿರಲಿಲ್ಲ.
ಕಾಗದ ಮಡಚಿ ಎದ್ದೆ.

ಗುರುವಾರದ ಸಭೆಯಲ್ಲಿ ಎತ್ತಿದೆ.
ಕುರ್ಚಿಗಳು ಕಿರುಗುಟ್ಟಿದವು. ಇಬ್ಬರು ಎದ್ದು ಹೋದರು,
ಒಬ್ಬ ನನ್ನ ಭಾವಮೈದ ಹಾರ್ಲನ್; ಇನ್ನೂ ಫೋನು ಎತ್ತುತ್ತಿಲ್ಲ.
ಉಳಿದವರು ಜಗಳವಾಡಿ, ಬೆವೆತು,
ಶೆರಿಫನಿಗೊಂದು ಪತ್ರ ಬರೆದೆವು. ಮೂರೇ ಸಾಲು.
ಅವಸರಕ್ಕೆ ಅವನ ಹೆಸರನ್ನೇ ತಪ್ಪು ಬರೆದಿದ್ದೆವು.

ನಕಲು ಒಯ್ದು ಕೊಟ್ಟೆ. ಎರಡು ಸಲ ಓದಿದಳು.
"ಸತ್ತರೂ ನಿಮ್ಮವನಿಗೆ ವೋಟು ಹಾಕಲ್ಲ ನಾನು."
"ನಿಮ್ಮವಳಿಗೆ ನಾನೂ," ಅಂದೆ.
ಹಾಗೆನ್ನುತ್ತಲೇ ಬಿತ್ತು ಸಹಿ.
ಅವಳ ಹಿಂದೆ ಮೀನಂಗಡಿಯ ಮುದುಕ ಟುವಾನ್,
ಗಂಡನ ಕೈಗೆ ಹೆದರಿ ಮೂರು ಊರು ಬದಲಿಸಿದ ಕೊರಿನ್,
ಗುಡ್ಡದ ಮನೆಯಲ್ಲಿ ಒಬ್ಬರನ್ನೊಬ್ಬರು ಮದುವೆಯಾಗಿ
ಕುರಿ ಸಾಕಿಕೊಂಡಿರುವ ಆ ಇಬ್ಬರು ಗಂಡಸರು
(ಕೊಯೋಟೆ ಕಾಟ ವಿಪರೀತವಂತೆ).

ಹದಿನೇಳನೆಯ ಸಾಲು ಮಾತ್ರ ಖಾಲಿ.
ಅದು ಮರ್ನಾ ಕೆಸ್ಲರಳದು. ಅವಳ ಮಗ, ಹತ್ತೊಂಬತ್ತು,
ನಾನೇ ಕೈಹಿಡಿದು ಗುರಿಯಿಡಲು ಕಲಿಸಿದವನು,
ನವೆಂಬರಿನಲ್ಲಿ ಕೊಟ್ಟಿಗೆಯ ಹಿಂದಕ್ಕೆ ಒಬ್ಬನೇ ನಡೆದುಹೋದ.
ಅವಳ ಗೇಟಿನವರೆಗೆ ಎರಡು ಸಲ ಹೋದೆ,
ಚಿಲಕ ತೆಗೆಯಲಾಗಲಿಲ್ಲ.
ಕಿಟಕಿಯಾಚೆ ಅವಳು ಕೈಯೆತ್ತಿದಳು,
ಬಾ ಎಂದೋ, ಬೇಡ ಎಂದೋ.
ಹದಿನೆಂಟರಿಂದ ಮತ್ತೆ ಹೆಸರು, ಹೆಸರು, ಹೆಸರು.

ಕೊನೆಗೆ ಕಾಗದ ಒಪ್ಪಿಸುವಾಗ ಗುಮಾಸ್ತ ಕೇಳಿದ,
"ನಡುವೆ ಒಂದು ಸಾಲು ಬಿಟ್ಟಿದ್ದೀರಿ. ಗೆರೆ ಹೊಡೆಯಲೇ?"

ಬೇಡ ಅಂದೆ.
ಅಲ್ಲೊಬ್ಬರು ನಿಂತಿದ್ದಾರೆ.