ಹದಿನೈದು ಮಿನಿಟು

ಬಾವಿ ಮೆಟ್ಟಲದಾಗ ಮಲಗಿತ್ತು ಕುನ್ನಿ.
ಪೋಲಂಡದಾಕಿ ಬಗ್ಗಿ ತಲಿ ಸವರಿದಳು,
ಹಲ್ಲು ತಾಗಿದ್ದಷ್ಟ. ಒಂದು ಗೀರು.
ರಕ್ತ ಸುದ್ದಾ ಇಲ್ಲ. ನಕ್ಕಳು.

ನಾ ನಗಲಿಲ್ಲ.
ಆಟೋದ ಡಬ್ಬಿಯಾಗಿಂದ ಸಬಕಾರ ತಗದು
ಲಕ್ಕುಂಡಿಯ ಬಿಸಿಲಾಗ ನಳ ಬಿಟ್ಟೆ.
ಅರಿಷಿಣ ಹಚ್ಚರಿ ಅಂದಳು ಚಾದಂಗಡಿ ನೀಲಗಂಗವ್ವ,
ಸುಣ್ಣ ಅಂದ ಟಿಕೀಟಿನ ಹುಡುಗ.
ಏನೂ ಬ್ಯಾಡ, ನೀರು ಹರೀಲಿ,
ಗಡಿಯಾರ ನೋಡಿ ಹದಿನೈದು ಮಿನಿಟು.
ಎಂಟಕ್ಕ ಕೈ ಹಿಂದ ತಗೊಂಡಳು; ಮಣಿಕಟ್ಟು ಹಿಡಿದೆ.

ಅವತ್ತು ಹಿಡೀಬೇಕಿತ್ತು ಹಿಂಗ
ತಮ್ಮ ಹುಸೇನಿಯ ಕೈ.
ಅವಂದೂ ಇಷ್ಟ ಗೀರು.
ಮೂರು ತಿಂಗಳಿಗೆ, ಅಮ್ಮಾ ನೀರಿನ ತಂಬಗಿ ಕೊಟ್ರ
ಗ್ವಾಡಿಗೆ ಬೆನ್ನು ಹಚ್ಚಿ ನಿಂತ.
ಇದನ್ನ ಹೇಳಾಕ ನನ್ನ ಇಂಗ್ಲೀಷು ಸಾಲಲಿಲ್ಲ.
'ಡಾಗ್, ಹಾಸ್ಪಿಟಲ್' ಅಂದೆ. ಮೀಟರು ಹಾಕಲಿಲ್ಲ.

ಗದಗಿನ ದವಾಖಾನಿ ಚೀಟಿ:
ಇವತ್ತು, ಮೂರು, ಏಳು, ಇಪ್ಪತ್ತೆಂಟು.
ಆಕಿ ನಕಾಶಿ ಹಾಸಿ ಊರು ಹೊಂದಿಸಿದಳು,
ಮೂರಕ್ಕ ಬಾದಾಮಿ, ಏಳಕ್ಕ ಹೊಸಪೇಟಿ,
ಗೋವಾದ ದಂಡಿ ಹೊಡದು ಹಾಕಿದಳು.

ಕುನ್ನಿ ಆಮ್ಯಾಲ ಕಾಣಲಿಲ್ಲ.
ಇಪ್ಪತ್ತೆಂಟಕ್ಕ ಫೋನಿಗೊಂದು ಫೋಟೊ ಬಂತು:
ತೋಳ ಮ್ಯಾಲ ಹತ್ತಿ,
ಇನ್ನೊಂದು ಕೈಯಾಗ
ಅರ್ಧ ಕುಡಿದ ನೀರಿನ ಗ್ಲಾಸು.