ಕೂಗಳತೆ

ಸಾಗರದ ಆಸ್ಪತ್ರೆ. ಮಿಷನ್ನು ಕೆಟ್ಟು ವಾರವಾಯಿತು.
ಗುತ್ಯಮ್ಮನ ರಕ್ತವನ್ನು ನೇರಳೆ ನೀರಿನಲ್ಲಿ ತೆಳುಮಾಡಿ
ಗೆರೆ ಕೊರೆದ ಗಾಜಿನ ಚೌಕಗಳಲ್ಲಿ ಎಣಿಸುತ್ತೇನೆ.
ಬಿಳಿಕಣ ಎರಡು ಸಾವಿರಕ್ಕೂ ಕಮ್ಮಿ.
ಶಿವಮೊಗ್ಗಕ್ಕೆ ಹೋದ ಸ್ಯಾಂಪಲ್ಲಿನ ಉತ್ತರ ಇನ್ನೂ ಬಂದಿಲ್ಲ;
ಬರುವುದೇನೆಂದು ವಾರ್ಡಿಗೆಲ್ಲ ಗೊತ್ತು.

ದರಗು ಗುಡಿಸಲು ಹೋಗಿದ್ದಳಂತೆ, ಜನವರಿಯ ಒಣ ಕಾಡಿಗೆ.
ಡೆಪಾ ಎಣ್ಣೆಯ ಬಾಟಲಿ ಗೂಡಿನಲ್ಲೇ ಇತ್ತಂತೆ, ಸೀಲು ಒಡೆಯದೆ.
"ಉಣುಗು ಕಚ್ಚಿದ್ದೇ ಗೊತ್ತಾಗ್ಲಿಲ್ಲ ಕಣ್ರೀ.
ನೋವಾಗಿದ್ರೆ ಕೂಗ್ತಿದ್ದೆ."

ಅವಳ ಊರಿನಲ್ಲಿ ಮನೆಗೂ ಮನೆಗೂ ನಡುವೆ ಒಂದು ಗುಡ್ಡ.
ಮೊಬೈಲಿಗೆ ಸಿಗ್ನಲ್ ಬೇಕೆಂದರೆ ಬಸರಿ ಮರ ಹತ್ತಬೇಕು.
ಹಾಗಾಗಿ ಇಂದಿಗೂ ದೂರವನ್ನು ಕೂಗಿನಲ್ಲೇ ಅಳೆಯುತ್ತಾರೆ:
ಒಂದು ಕೂಗಿಗೆ ಕಾಳಮ್ಮನ ಕಣ, ಎರಡಕ್ಕೆ ಹೊಳೆದಂಡೆ.
ಕೇಳಿದವರು ಕತ್ತಿ ಕೆಳಗಿಟ್ಟು
ದನಿ ದಪ್ಪವಾಗುವ ಕಡೆಗೆ ನಡೆಯುತ್ತಾರೆ;
ತೆಳುವಾದರೆ ತಪ್ಪು ದಾರಿ.

ಮೈಯೊಳಗೂ ಇದೇ ಅಳತೆ.
ಗಾಯಗೊಂಡ ಜೀವಕೋಶ ಸಣ್ಣದೊಂದು ಪ್ರೋಟೀನು ಚೆಲ್ಲುತ್ತದೆ.
ಕೀಮೊಕೈನ್ ಎಂದು ಕಲಿತಿದ್ದೆ, ಪರೀಕ್ಷೆಗೆ ಬರೆದು ಮರೆತಿದ್ದೆ.
ಗಾಯದ ಬಾಯಲ್ಲಿ ದಟ್ಟ, ದೂರ ಹೋದಂತೆ ತಿಳಿ.
ನೆತ್ತರಿನ ಸೆಳವಿನಲ್ಲಿ ತೇಲುತ್ತಿದ್ದ ಬಿಳಿಕಣ
ನಾಳದ ಗೋಡೆಗೆ ಮೈಯುಜ್ಜಿ, ಉರುಳಿ, ತಡೆದು, ನಿಂತು,
ತನಗಿಂತ ಕಿರಿದಾದ ಸಂದಿನಲ್ಲಿ ತನ್ನನ್ನೇ ಹಿಂಡಿಕೊಂಡು
ಹೊರಬೀಳುತ್ತದೆ.
ಕಾಲಿಲ್ಲದ್ದು. ಬೇಕಾದಾಗ
ಮೈಯನ್ನೇ ಕಾಲು ಮಾಡಿಕೊಳ್ಳುವಂಥದ್ದು.

ಎಲ್ಲ ಕೂಗೂ ಬಾ ಎನ್ನುವುದಿಲ್ಲ.
ಮೂಳೆಯ ಮಜ್ಜೆಯಲ್ಲಿ ಎಳೆಯ ಕಣಗಳಿಗೆ
ಇನ್ನೂ ಇರು, ಇನ್ನೂ ಇರು ಎನ್ನುವ ಪ್ರೋಟೀನೂ ಉಂಟು.
ಅದರ ದನಿ ಕುಗ್ಗಿದ ದಿನವೇ ಅವು ಹೊಸಿಲು ದಾಟುವುದು.

ಉಣುಗಿಗೆ ಇದೇನೂ ಗೊತ್ತಿಲ್ಲ.
ಅದರ ಎಂಜಲಿಗೆ ಗೊತ್ತು.
ಗಂಟಲು ಹಿಸುಕುವುದಿಲ್ಲ ಅದು; ಹೊರಟ ಕೂಗನ್ನು
ಗಾಳಿಯಲ್ಲೇ ಅಂಗೈ ಮುಚ್ಚಿ ಹಿಡಿಯುತ್ತದೆ, ಹಾತೆ ಹಿಡಿದ ಹಾಗೆ.
ಗಾಯ ಕೂಗುತ್ತಲೇ ಇರುತ್ತದೆ. ಕಾವಲಿನವರು
ಎರಡು ಕೂದಲೆಳೆ ಆಚೆ, ಏನೂ ಕೇಳದೆ, ಹಾದುಹೋಗುತ್ತಾರೆ.
ವೈರಸ್ಸು ಆಗಲೇ ಒಳಮನೆಯಲ್ಲಿ.

ಹನ್ನೊಂದನೆಯ ದಿನ. ಹೊಸ ರಕ್ತ, ಅದೇ ಗಾಜು.
ಎರಡು ಸಾವಿರದ ಎಂಟುನೂರು.
ಬರೆಯುವ ಮುನ್ನ ಮತ್ತೊಮ್ಮೆ ಎಣಿಸಿದೆ.
ವಾರ್ಡಿನಲ್ಲಿ ಗುತ್ಯಮ್ಮ
ಗಂಜಿ ಬೇಡವೆಂದು ಯಾರೊಡನೆಯೋ ಜಗಳಕ್ಕಿಳಿದಿದ್ದಳು;
ದನಿ ಲ್ಯಾಬಿನವರೆಗೂ ಕೇಳಿತು.

ಕೈ ತೊಳೆದು ಅತ್ತ ನಡೆದೆ.
ಮೂವತ್ತೆರಡು ಹೆಜ್ಜೆ.