ನೂರಾ ಹದಿಮೂರು

ಏಳನೇ ತಾರೀಖು, ಉದ್ಯಮಬಾಗದ ಫೌಂಡ್ರಿ.
ಪಗಾರದ ಚೀಟಿ ಹರಿದು ಹರಿದು ಕೊಡುತ್ತೇನೆ.
ಅವರು ಮೊದಲು ಓದುವುದು ಬಂದದ್ದನ್ನಲ್ಲ,
ಹೋದದ್ದನ್ನು.

ಭರಮಾನಿ ಮುಚ್ಚಂಡಿ, ಮೋಲ್ಡರ್, ಟೋಕನ್ ನಲವತ್ತೊಂದು,
ಕರಿ ಉಸುಕು ತುಂಬಿದ ಉಗುರನ್ನು ಅಂಕಿಯ ಮೇಲೊತ್ತಿ
ತಿಂಗಳಾ ತಿಂಗಳಾ ಕೇಳುತ್ತಾನೆ:
"ಅಕ್ಕಾರ, ಹನ್ನೊಂದ ವರ್ಷದಾಗ ನನಗ ನೆಗಡಿ ಸುದ್ದಾ ಬಂದಿಲ್ಲ.
ಈ ನೂರಾ ಹದಿಮೂರು ಯಾರ ಹೊಟ್ಟಿಗೆ ಹೋತು?"

ಇಎಸ್‌ಐ, ನೂರಕ್ಕೆ ಮುಕ್ಕಾಲು, ಅನ್ನುತ್ತೇನೆ.
ಹದಿನೈದು ಸಾವಿರಕ್ಕೆ ನೂರಾ ಹನ್ನೆರಡೂವರೆ,
ಆ ಅರ್ಧವನ್ನು ಕಂಪ್ಯೂಟರು ಮೇಲಕ್ಕೇ ದುಂಡು ಮಾಡುತ್ತದೆ,
ಕೆಳಕ್ಕೆ ಮಾಡಿದ್ದನ್ನು ನಾನು ಕಂಡಿಲ್ಲ.
ಮಾಲಕರು ಹಾಕುವುದು ನಾನೂರಾ ಎಂಬತ್ತೆಂಟು,
ಅದು ನಿನ್ನ ಚೀಟಿಯಲ್ಲಿ ಕಾಣುವುದಿಲ್ಲ.
"ಕಾಣದ್ದನ್ನ ಹೆಂಗ ನಂಬೂದ್ರಿ?"
ಅದಕ್ಕೆ ನನ್ನಲ್ಲಿ ಕಾಲಮ್ಮಿಲ್ಲ.

ಶ್ರಾವಣದಲ್ಲಿ ಕೋರ್ ಶಾಪಿನ ಶಕೀಲಾ ಬೇಪಾರಿ
ಎಂಟು ತಿಂಗಳ ಹೊಟ್ಟೆಯನ್ನು ಮೇಜಿಗೆ ತಾಗಿಸಿ ನಿಂತಳು.
ಇಪ್ಪತ್ತಾರು ವಾರ, ಪೂರ್ತಿ ಪಗಾರ, ಎಂದೆ.
ಬೆರಳು ಮಡಚಿದಳು, ಮೊದಲು ವಾರ ಎಣಿಸಿ, ಆಮೇಲೆ ಚಂದ್ರ.
"ಕೆಲಸಾ ಮಾಡದನ?"
ಮಾಡದೇ.
"ಆಮ್ಯಾಲ ತಿರುಗಿ ಕೊಡಬೇಕೇನ್ರಿ?"
ಬೇಡ.
ಆಗಲೂ ನಗಲಿಲ್ಲ.
ಇಂಥದೇ ಮಾತು ಹೇಳಿ ಹೋದ ಚಿಟ್ ಫಂಡಿನವನು
ಇನ್ನೂ ಅವಳ ನೆನಪಿನಲ್ಲಿದ್ದ.

ಹೆಣ್ಣು ಹುಟ್ಟಿತು. ಅವಳ ಗಂಡ ಜಿಲೇಬಿ ತಂದ.
ಎರಡು ಎತ್ತಿಕೊಂಡ ಭರಮಾನಿಗೆ ಹೇಳಿದೆ:
ತಿನ್ನು, ನಿನ್ನ ನೂರಾ ಹದಿಮೂರು ಅದು.
ಕಚ್ಚಿದ್ದನ್ನು ಬಾಯಿಂದ ತೆಗೆದು, ಪಾಕದ ಸುರುಳಿಯೊಳಗೆ
ತನ್ನ ಪೈಸೆ ಹುಡುಕಿದ.
"ಹಂಗಾರ ಆ ಕೂಸಿನ ಕುಂಚಿಗಿಯೊಳಗ
ನಂದೂ ಒಂದ ಎಳಿ ಐತಿ."

ಅವನೇ ನನಗೆ ಒಮ್ಮೆ ಹೇಳಿಕೊಟ್ಟಿದ್ದ, ಕೋರ್ ಅಂದರೇನೆಂದು.
ಪಂಪಿನ ಒಡಲು ಎರೆಯುವ ಮುಂಚೆ
ಅಚ್ಚಿನ ನಡುವೆ ಬೇಯಿಸಿದ ಉಸುಕಿನ ಮುದ್ದೆ ಇಡುತ್ತಾರೆ.
ಕಬ್ಬಿಣ ಅದರ ಸುತ್ತ ಹರಿದು ಆರುತ್ತದೆ.
ಆಮೇಲೆ ಉಸುಕನ್ನು ಬಡಿದು ಉದುರಿಸಿದರೆ
ಉಳಿಯುವುದು ಟೊಳ್ಳು.
"ಆ ಟೊಳ್ಳಿಗೇ ರೊಕ್ಕರೀ.
ಗಟ್ಟಿ ಕಬ್ಬಿಣದಾಗ ನೀರ ಎಲ್ಲಿ ಹಾಯ್ತೈತಿ?"

ಎಳ್ಳಮಾಸಿ ಮುಗಿದ ಮೂರನೇ ದಿನ
ಅವನ ಹೆಂಡತಿ ಬಾಳವ್ವನ ಬಲಗೈ
ರೊಟ್ಟಿಯ ಮೇಲೇ ನಿಂತುಬಿಟ್ಟಿತು.
ಅಶೋಕನಗರದ ದವಾಖಾನೆ, ಹಾಸಿಗೆ, ಔಷಧ,
ಯಾವುದಕ್ಕೂ ರೊಕ್ಕ ಕೇಳಲಿಲ್ಲ.
"ಬಾಜೂಕ ಕುಂದ್ರಾಕ ಸೂಟಿ ಬೇಕ್ರಿ."

ಹುಡುಕಿದೆ.
ತನ್ನ ಜಡ್ಡಿಗೆ ತೊಂಬತ್ತೊಂದು ದಿನ, ನೂರಕ್ಕೆ ಎಪ್ಪತ್ತು.
ತನ್ನ ಕೈಕಾಲು ಮುರಿದರೆ ಬೇರೆ ಲೆಕ್ಕ.
ಹೆತ್ತರೆ ಇದೆ. ಸತ್ತರೆ ಮಣ್ಣಿನ ಖರ್ಚಿಗೂ ಇದೆ.
ಪಕ್ಕದಲ್ಲಿ ಕೂತರೆ ಇಲ್ಲ.
ಅವನ ಸ್ವಂತ ಸೂಟಿ ಮಗಳ ಮದುವೆಗೆ ಮುಗಿದಿತ್ತು.

"ನನಗ ಜಡ್ಡ ಅಂತ ಬರಕೋರಿ."
ಡಾಕ್ಟರು ಬರೆಯಬೇಕು, ಎಂದೆ.
"ಅವರು ನನ್ನ ಎದಿ ಮುಟ್ಟಿ ನೋಡ್ಯಾರೇನು?"

ಹಾಜರಿ ಪುಸ್ತಕದಲ್ಲಿ ಕೆಂಪು ಪೆನ್ನಿನಿಂದ ಗೈರು ಎಂದು ಬರೆದೆ,
ಹತ್ತೊಂಬತ್ತು ಸಲ.
ನನ್ನ ಅಕ್ಷರ ಚೆನ್ನಾಗಿದೆ ಎಂದು ಮಾಲಕರು ಯಾವಾಗಲೂ ಹೊಗಳುತ್ತಾರೆ.

ಮತ್ತೆ ಏಳನೇ ತಾರೀಖು. ಏಳು ದಿನದ ಪಗಾರ.
ಅದೇ ಉಗುರು, ಈಗ ಬೆಳ್ಳಗೆ, ಅಂಕಿಯ ಮೇಲೆ ಬಂತು: ಮೂವತ್ತೊಂದು.
"ಈ ಸಲ ಕಡಿಮಿ ಕಡದೀರಲ್ಲ," ಎಂದ.
ಸಿಟ್ಟೇನೂ ಇರಲಿಲ್ಲ ದನಿಯಲ್ಲಿ, ಅದೇ ನನಗೆ ತಾಳಲಾಗಲಿಲ್ಲ.
ಬಾಳವ್ವ ಎಡಗೈಲಿ ಹಿಟ್ಟು ನಾದುವುದನ್ನು ಕಲಿಯುತ್ತಿದ್ದಾಳಂತೆ.
ಹೊರಟವನು ಬಾಗಿಲಲ್ಲಿ ತಿರುಗಿದ:
"ಶಕೀಲಾನ ಕೂಸು ಬೋರಲ ಬಿದ್ದತೇನ್ರಿ?"

ಸಂಜೆ ಎಲ್ಲರೂ ಹೋದ ಮೇಲೆ
ಪಗಾರದ ಹಾಳೆಯಲ್ಲಿ, ಎರಡು ಕಾಲಮ್ಮುಗಳ ನಡುವೆ
ಒಂದು ಖಾಲಿ ಕಾಲಮ್ಮು ತೂರಿಸಿದೆ.
ಹೆಸರಿಡಲಿಲ್ಲ.
ಆಚೆ ಶೆಡ್ಡಿನಲ್ಲಿ ರಾತ್ರಿ ಪಾಳಿಯವರು
ಎರಕದ ಹೊಟ್ಟೆಯಿಂದ ಉಸುಕು ಬಡಿದು ಉದುರಿಸುತ್ತಿದ್ದರು.
ಮೊತ್ತ ಕೂಡಿಸಿದೆ, ತಪ್ಪಲಿಲ್ಲ.

ಮಾಲಕರು ಇನ್ನೂ ನೋಡಿಲ್ಲ.
ನಾನೂ ಅಳಿಸಿಲ್ಲ.